ಸ್ಕೀ ರೆಸಾರ್ಟ್ ಕೆಲಸ: ಸಂಬಳ ಆಮೇಲೆ, ಮೊದಲು ಗಂಟೆ ಕೇಳಿ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ನಾನು ಅಬುಧಾಬಿ, ಶಾರ್ಜಾ ಕಡೆ ಹೋಟೆಲ್ ಸ್ಟೋರಿನಲ್ಲಿ ದುಡಿದು ಊರಿಗೆ ಬಂದವನು. ಮಗಳು ಈ ವರ್ಷ ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದಾಳೆ. ಏಜೆಂಟರೊಬ್ಬರ ಮೂಲಕ ಅಮೆರಿಕದ ಕೊಲೊರಾಡೊದಲ್ಲಿ ದೊಡ್ಡ ಸ್ಕೀ ರೆಸಾರ್ಟ್ ಕಂಪೆನಿಯೊಂದರಲ್ಲಿ ಹನ್ನೆರಡು ತಿಂಗಳ ಜೆ-1 (ತರಬೇತಿ, ವಿನಿಮಯ ಕಾರ್ಯಕ್ರಮಗಳಿಗೆ ಕೊಡುವ ಅಮೆರಿಕದ ವೀಸಾ) ಇಂಟರ್ನ್‌ಶಿಪ್ ಬಂದಿದೆ. ಗಂಟೆಗೆ 18 ಡಾಲರ್, ಕಂಪೆನಿಯದೇ ರೂಮು. ಒಟ್ಟು ಖರ್ಚು ಮೂರೂವರೆ ಲಕ್ಷ ಎನ್ನುತ್ತಾರೆ. ಅಲ್ಲಿ ಕೆಲಸ ಮಾಡಿದವರು ಬರೆದದ್ದನ್ನೆಲ್ಲ ಮಗಳು ಹುಡುಕಿ ಓದಿದಳು. ಕೆಲವರು ಮನೆಯವರ ಹಾಗೆ ನೋಡಿಕೊಂಡರು ಎನ್ನುತ್ತಾರೆ, ಕೆಲವರು ಆ ಕಡೆ ತಲೆಯೂ ಹಾಕಬೇಡಿ ಎನ್ನುತ್ತಾರೆ. ಕಂಪೆನಿ ಒಂದೇ. ಯಾರನ್ನು ನಂಬುವುದು? ಕಳಿಸಬಹುದೇ?

ಉತ್ತರ: ಇಬ್ಬರೂ ನಿಜವನ್ನೇ ಬರೆದಿರಬಹುದು. ಸ್ಕೀ ಕಂಪೆನಿಗೆ ಹೊರಗೆ ಹೆಸರು ಒಂದೇ ಆದರೂ ಒಳಗೆ ಹತ್ತಾರು ಊರುಗಳಿರುತ್ತವೆ. ವೇಲ್ ರೆಸಾರ್ಟ್ಸ್ ಎಂಬ ಒಂದೇ ಕಂಪೆನಿಯ ಕೈಯಲ್ಲಿ 40ಕ್ಕೂ ಹೆಚ್ಚು ಸ್ಕೀ ಬೆಟ್ಟಗಳಿವೆ. ಅಮೆರಿಕ ಬಿಟ್ಟರೆ ಕೆನಡಾ, ಆಸ್ಟ್ರೇಲಿಯಾ, ಸ್ವಿಜರ್ಲೆಂಡಿನಲ್ಲೂ. ಒಂದೊಂದು ಬೆಟ್ಟದಲ್ಲಿ ಜನರನ್ನು ಮೇಲಕ್ಕೊಯ್ಯುವ ಲಿಫ್ಟ್ ನಡೆಸುವವರು, ರಾತ್ರಿಯಿಡೀ ಯಂತ್ರದಿಂದ ಹಿಮ ಹಾರಿಸುವವರು, ಸ್ಕೀ ಕಲಿಸುವವರು, ಗಾಯಾಳುಗಳನ್ನು ಕೆಳಗಿಳಿಸುವ ಸ್ಕೀ ಪೆಟ್ರೋಲಿನವರು (ಗಸ್ತು ತಂಡ), ಬೂಟು ಬಾಡಿಗೆಗೆ ಕೊಡುವವರು, ಬೆಟ್ಟದ ನೆತ್ತಿಯ ಕ್ಯಾಂಟೀನಿನವರು, ಬುಡದ ಹೋಟೆಲಿನವರು ಇದ್ದಾರೆ. ಇವರಲ್ಲಿ ಎಷ್ಟೋ ಮಂದಿ ಪರಸ್ಪರ ಮುಖ ನೋಡದೆಯೇ ಸೀಸನ್ ಮುಗಿಸುತ್ತಾರೆ. ನಿಮ್ಮ ಮಗಳ ಅನುಭವವನ್ನು ತೀರ್ಮಾನಿಸುವುದು ಕಂಪೆನಿಯ ಹೆಸರಲ್ಲ. ಅವಳ ವಿಭಾಗದ ಸೂಪರ್‌ವೈಸರ್, ಅವಳ ರೂಮು, ಮತ್ತು ವಾರಕ್ಕೆ ಸಿಗುವ ಕೆಲಸದ ಗಂಟೆ. ಮೊದಲ ಎರಡೂ ಬಹಳ ಮಟ್ಟಿಗೆ ಮೂರನೆಯದರ ಮೇಲೆ ನಿಂತಿರುತ್ತವೆ.

ಓದಿದ ಬರಹಗಳನ್ನು ಮಗಳು ಇನ್ನೊಮ್ಮೆ ತೆಗೆದು, ಬರೆದ ತಿಂಗಳು ಯಾವುದೆಂದು ನೋಡಲಿ. ಡಿಸೆಂಬರ್ ಮೊದಲ ಭಾಗದ ದೂರು ಹೆಚ್ಚಾಗಿ ಕೆಲಸ ಸಿಗುವುದಿಲ್ಲ ಎಂಬುದು. ಜನವರಿ ಮೊದಲ ವಾರದ್ದು ಕೆಲಸ ಹೊರಲಾರದಷ್ಟು ಎಂಬುದು. ಏಪ್ರಿಲ್ ಕೊನೆಯದ್ದು ರೂಮು ಖಾಲಿ ಮಾಡಿಸಿದ್ದು, ಡೆಪಾಸಿಟ್ ಹಿಡಿದುಕೊಂಡದ್ದು. ಆಮೇಲೆ ವಿಭಾಗ ನೋಡಲಿ. ಲಿಫ್ಟಿನವನು ಬರೆದದ್ದರಿಂದ ಹೋಟೆಲ್ ರಿಸೆಪ್ಶನಿನ ಬಗ್ಗೆ ಏನೂ ತಿಳಿಯುವುದಿಲ್ಲ. ಹೊಗಳಿಕೆಯಲ್ಲೂ ಒಂದು ಸೋಸುವಿಕೆ ಬೇಕು. ಸ್ಕೀ ಪಾಸ್ ಫ್ರೀ, ಗೆಳೆಯರು ಸಿಕ್ಕರು, ಬೆಟ್ಟ ಅದ್ಭುತ ಎಂದು ಬರೆಯುವವರು ಬಹುತೇಕ ಸ್ಕೀ ಮಾಡುವುದಕ್ಕೆಂದೇ ಬಂದ ಅಲ್ಲಿನ ಹುಡುಗರು. ಕೆಲಸ ಅವರಿಗೆ ನೆಪ. ಹಾಗೆ ಬರೆದದ್ದು ಬೆಟ್ಟದ ವರ್ಣನೆಯಾದೀತು, ಕೆಲಸದ ವರ್ಣನೆ ಆಗಲಾರದು. ವಾರಕ್ಕೆ ಇಷ್ಟು ಗಂಟೆ, ರೂಮಿಗೆ ಇಷ್ಟು ಹಿಡಿದರು, ರಜೆ ಕೇಳಿದ್ದಕ್ಕೆ ಹೀಗೆಂದರು ಎಂದು ಲೆಕ್ಕ ಸಮೇತ ಬರೆದವರನ್ನು ನಂಬಿ, ಹೊಗಳಿರಲಿ ಬೈದಿರಲಿ.

ಇನ್ನು ನಿಮಗೆ ಒಂದು ಮಾತು. ನೀವು ಗಲ್ಫ್ ನೋಡಿದವರು. ನಮ್ಮ ಕಾಸರಗೋಡಿನಲ್ಲಿ ಹೊರದೇಶದ ಕೆಲಸ ಎಂದ ಕೂಡಲೇ ಕಣ್ಣಿಗೆ ಬರುವ ಚಿತ್ರವೇ ಅದು: ತಿಂಗಳಿಗೆ ಗೊತ್ತಾದ ಸಂಬಳ, ಕಂಪೆನಿ ರೂಮು, ಕಂಪೆನಿ ಮೆಸ್, ಕಂಪೆನಿ ವ್ಯಾನು. ಗಿರಾಕಿ ಬರಲಿ ಬಿಡಲಿ, ತಿಂಗಳ ಕೊನೆಗೆ ಅಷ್ಟೇ ದಿರ್ಹಮ್. ಕೊಲೊರಾಡೊದಲ್ಲಿ ಇದಾವುದೂ ಹಾಗಿಲ್ಲ. ದುಡಿದ ಗಂಟೆಗೆ ಮಾತ್ರ ಕೂಲಿ. ಕಂಪೆನಿ ರೂಮು ಎಂದರೆ ಕಂಪೆನಿಗೆ ಬಾಡಿಗೆ ಕೊಡುವ ರೂಮು, ಅದನ್ನು ಸಂಬಳದಿಂದಲೇ ಹಿಡಿಯುತ್ತಾರೆ. ಊಟ ಸ್ವಂತದ್ದು, ಕೆಲಸದ ದಿನ ಕ್ಯಾಂಟೀನಿನಲ್ಲಿ ರಿಯಾಯಿತಿ ಸಿಕ್ಕರೆ ಲಾಭ. ಗಲ್ಫ್ ಅಳತೆಯಲ್ಲಿ ಅಳೆದರೆ 18 ಡಾಲರ್ ಬಹಳ ದೊಡ್ಡದಾಗಿ ಕಾಣುತ್ತದೆ, ಮೋಸ ಹೋಗುವುದೂ ಅಲ್ಲೇ.

ಲೆಕ್ಕ ಮಾಡಿ ನೋಡೋಣ. ವಾರಕ್ಕೆ 40 ಗಂಟೆ ಸಿಕ್ಕರೆ ತಿಂಗಳಿಗೆ ಸುಮಾರು 3,120 ಡಾಲರ್. 32 ಗಂಟೆಯಾದರೆ 2,496. 20 ಗಂಟೆಗೆ ಇಳಿದರೆ 1,560. ಬಾಡಿಗೆ 750, ಊಟ 350, ಫೋನು ಮತ್ತಿತರ ಖರ್ಚು 100 ಎಂದು ಹಿಡಿಯಿರಿ. (ಬಾಡಿಗೆ ಊರಿನಿಂದ ಊರಿಗೆ ಬೇರೆ, ಒಪ್ಪಂದದಲ್ಲಿರುವುದನ್ನೇ ಹಾಕಿ ನೋಡಿ.) ಆದಾಯ ತೆರಿಗೆ ಕಳೆದು 40 ಗಂಟೆಯವಳ ಕೈಯಲ್ಲಿ ಸಾವಿರದ ನಾನೂರರ ಆಸುಪಾಸು, 32ರವಳ ಕೈಯಲ್ಲಿ ಒಂಬೈನೂರು ಚಿಲ್ಲರೆ ಉಳಿಯುತ್ತದೆ. 20 ಗಂಟೆಯವಳಿಗೆ ನೂರೈವತ್ತು ಉಳಿದರೆ ಪುಣ್ಯ. ಗಂಟೆಯ ದರ ಮೂವರಿಗೂ ಒಂದೇ.

ಗಂಟೆ ಯಾಕೆ ಇಳಿಯುತ್ತದೆ? ಹಿಮ ಬೀಳದಿದ್ದರೆ. ದೊಡ್ಡ ಕಂಪೆನಿಗಳು ಇಡೀ ಸೀಸನಿನ ಪಾಸನ್ನು ವಸಂತದಿಂದ ಡಿಸೆಂಬರ್ ಮೊದಲ ವಾರದವರೆಗೆ ಮುಂಗಡವಾಗಿಯೇ ಮಾರಿಬಿಡುತ್ತವೆ. 2008ರಲ್ಲಿ ವೇಲ್‌ನವರು ಎಪಿಕ್ ಪಾಸ್ ತಂದ ಮೇಲೆ ಈ ಕ್ರಮ ಗಟ್ಟಿಯಾಯಿತು. 2018ರಲ್ಲಿ ಆಲ್ಟೆರಾ ಕಂಪೆನಿಯ ಐಕಾನ್ ಪಾಸ್ ಬಂತು. ಆಕಾಶ ಕೈಕೊಟ್ಟರೂ ಕಂಪೆನಿಗೆ ಬರಬೇಕಾದ ಹಣದ ದೊಡ್ಡ ಪಾಲು ಮೊದಲೇ ಬಂದಿರುತ್ತದೆ. ದುಡಿಯುವವರಿಗೆ ಅಂಥ ಮುಂಗಡ ಇಲ್ಲ. ನವೆಂಬರಿನಲ್ಲಿ ಎರಡು ಲಿಫ್ಟ್ ಮಾತ್ರ ತೆರೆದರೆ ಕ್ಯಾಂಟೀನಿಗೆ ಐದು ಜನರ ಬದಲು ಇಬ್ಬರು ಸಾಕು. ಉಳಿದ ಮೂವರಿಗೆ ವಾರದ ರೋಸ್ಟರಿನಲ್ಲಿ ಎರಡೇ ದಿನ. ಬೆಳಿಗ್ಗೆ ಕೆಲಸಕ್ಕೆ ಬಂದವರನ್ನು ಮಧ್ಯಾಹ್ನ ಗಿರಾಕಿ ಇಲ್ಲವೆಂದು ಮನೆಗೆ ಕಳಿಸುವುದೂ ಮಾಮೂಲು. ಒಳ್ಳೆಯ ಸೂಪರ್‌ವೈಸರ್ ಈ ಹೊತ್ತಿನಲ್ಲಿ ತನ್ನವರನ್ನು ಬೇರೆ ವಿಭಾಗಕ್ಕೆ ಕಳಿಸಿಯಾದರೂ ಗಂಟೆ ತುಂಬಿಸುತ್ತಾನೆ. ಕೆಟ್ಟವನು ತನಗೆ ಬೇಕಾದವರಿಗೆ ಹಂಚಿ ಕೈತೊಳೆಯುತ್ತಾನೆ. ಮನೆಯವರ ಹಾಗೆ ಎಂಬ ಮಾತೂ ತಲೆ ಹಾಕಬೇಡಿ ಎಂಬ ಮಾತೂ ಹುಟ್ಟುವುದು ಬಹುತೇಕ ಆ ಮೂರ್ನಾಲ್ಕು ವಾರಗಳಲ್ಲಿ.

ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಎಲ್ಲ ತಲೆಕೆಳಗು. ಆ ವಾರ, ಜನವರಿಯ ಮೂರನೇ ಸೋಮವಾರದ ವಾರಾಂತ್ಯ, ಫೆಬ್ರವರಿಯ ಮೂರನೇ ಸೋಮವಾರದ ವಾರಾಂತ್ಯ, ಮಾರ್ಚಿನ ಶಾಲಾ ರಜೆ: ಇಷ್ಟು ದಿನ ಯಾರಿಗೂ ರಜೆ ಇಲ್ಲ ಎಂದು ಮೊದಲೇ ಬರೆಸಿಕೊಳ್ಳುತ್ತಾರೆ. ಊರಲ್ಲಿ ಏನೇ ಕಾರ್ಯಕ್ರಮವಿದ್ದರೂ ಆ ದಿನಗಳನ್ನು ಬಿಟ್ಟುಬಿಡಿ. ಹೇಳದೆ ಕೇಳದೆ ಕೆಲಸಕ್ಕೆ ಗೈರಾಗುವುದನ್ನು ಅಲ್ಲಿ ಜಗಳಕ್ಕಿಂತ ದೊಡ್ಡ ತಪ್ಪೆಂದು ನೋಡುತ್ತಾರೆ, ಒಂದೆರಡು ಸಲಕ್ಕೇ ಕೆಲಸ ಹೋಗುತ್ತದೆ. ಜ್ವರ ಬಂದರೆ ಪಾಳಿ ಶುರುವಾಗುವ ಮೊದಲೇ ಹೇಳಿದ ನಂಬರಿಗೆ ಕರೆ ಮಾಡಬೇಕು. ಗೆಳತಿಯ ಕೈಯಲ್ಲಿ ಹೇಳಿಕಳಿಸಿದರೆ ಅದು ಲೆಕ್ಕಕ್ಕಿಲ್ಲ.

ಓವರ್‌ಟೈಮ್ ಬಗ್ಗೆ ಏಜೆಂಟರು ಬಾಯಿತುಂಬ ಹೇಳಿರುತ್ತಾರೆ. ಇಲ್ಲೊಂದು ಗಂಟಿದೆ, ಹೋದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಕೊಲೊರಾಡೊದಲ್ಲಿ ಸಾಮಾನ್ಯವಾಗಿ ವಾರಕ್ಕೆ 40 ಗಂಟೆ ಅಥವಾ ದಿನಕ್ಕೆ 12 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಆದರೆ ಸ್ಕೀ ನಡೆಸುವ ಕೆಲಸದವರಿಗೂ ಬೆಟ್ಟದ ಮೇಲಿನ ಊಟ-ತಿಂಡಿ ವಿಭಾಗದವರಿಗೂ ರಾಜ್ಯದ ನಿಯಮದಲ್ಲೇ 40 ಗಂಟೆಯ ಲೆಕ್ಕ ಅನ್ವಯಿಸುವುದಿಲ್ಲ, 12 ಗಂಟೆಯದ್ದು ಮಾತ್ರ. ಹೋಟೆಲ್ ವಸತಿ ವಿಭಾಗಕ್ಕೆ ಈ ವಿನಾಯಿತಿ ಇಲ್ಲ. ಅಂದರೆ ವಾರಕ್ಕೆ 48 ಗಂಟೆ ದುಡಿದ ಇಬ್ಬರಲ್ಲಿ ಕೆಳಗಿನ ರಿಸೆಪ್ಶನಿನವಳಿಗೆ 8 ಗಂಟೆ ಓವರ್‌ಟೈಮ್, ಮೇಲಿನ ಕ್ಯಾಂಟೀನಿನವಳಿಗೆ ಸೊನ್ನೆ. ಇಬ್ಬರದೂ ಒಂದೇ ಜಾಕೆಟ್. ಕಂಪೆನಿ ಮೋಸ ಮಾಡಿತು ಎಂದು ಬರೆದವರಲ್ಲಿ ಕೆಲವರು ಈ ನಿಯಮಕ್ಕೆ ಸಿಕ್ಕಿಬಿದ್ದವರು. ಮಗಳ ವಿಭಾಗ ಯಾವುದೆಂದು ಇಂದೇ ಕೇಳಿ.

ಇಷ್ಟು ಹೇಳಿ ಹೆದರಿಸಿದ ಮೇಲೆ, ನಿಮ್ಮ ಮಗಳಿಗೆ ಇರುವ ಒಂದು ರಕ್ಷಣೆಯನ್ನೂ ಹೇಳಬೇಕು. ಸೀಸನ್ ಕೆಲಸಕ್ಕೆ ಪೆರು, ಅರ್ಜೆಂಟೀನಾ ಕಡೆಯಿಂದ ಬರುವ ವಿದ್ಯಾರ್ಥಿಗಳದೂ ಜೆ-1 ವೀಸಾವೇ. ಅವರದ್ದು ಬೇರೆ ವರ್ಗ, ನಾಲ್ಕು ತಿಂಗಳ ರಜಾ ಕೆಲಸ. ಇಂಟರ್ನ್ ವರ್ಗದ ನಿಯಮ ಬೇರೆ. ವಾರಕ್ಕೆ ಕನಿಷ್ಠ 32 ಗಂಟೆ ಇರಲೇಬೇಕು. ಆರು ತಿಂಗಳು ಅಥವಾ ಹೆಚ್ಚಿನ ಅವಧಿಯ ಹೋಟೆಲ್ ತರಬೇತಿಯಾದರೆ ಕನಿಷ್ಠ ಮೂರು ವಿಭಾಗಗಳಲ್ಲಿ ಸುತ್ತಿಸಬೇಕು. ಗುಮಾಸ್ತಿಕೆಯ ಕೆಲಸ ನೂರಕ್ಕೆ ಇಪ್ಪತ್ತು ಪಾಲು ಮೀರುವಂತಿಲ್ಲ. ಕೌಶಲ ಬೇಡದ ಕೂಲಿ ಕೆಲಸಕ್ಕೆ ಹಾಕುವಂತಿಲ್ಲ. ಇದೆಲ್ಲ ಡಿಎಸ್-7002 ಎಂಬ ತರಬೇತಿ ಯೋಜನೆಯಲ್ಲಿ ಬರೆದಿರಬೇಕು. ಅದಕ್ಕೆ ಮೂವರ ಸಹಿ: ಮಗಳದ್ದು, ರೆಸಾರ್ಟಿನದ್ದು, ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸ್ಪಾನ್ಸರ್ ಸಂಸ್ಥೆಯದ್ದು.

ಆ ಫಾರಂ ಕೈಗೆ ಬಂದಾಗ ಹೀಗೆ ಓದಿ. ಮೊದಲ ಹಂತ ರಿಸೆಪ್ಶನ್, ಎರಡನೆಯದು ರೆಸ್ಟೋರೆಂಟ್, ಮೂರನೆಯದು ಹೌಸ್‌ಕೀಪಿಂಗ್ ಮೇಲ್ವಿಚಾರಣೆ ಎಂದು ಹಂತ ಹಂತವಾಗಿ, ತಾರೀಖು ಸಮೇತ ಇರಬೇಕು. ಪ್ರತಿ ಹಂತಕ್ಕೂ ಕಲಿಸುವವರ ಹೆಸರು, ಹುದ್ದೆ ಬೇಕು. ಏನು ಕಲಿಯುತ್ತಾಳೆ ಎಂಬಲ್ಲಿ ಎಲ್ಲ ಹಂತಕ್ಕೂ ಒಂದೇ ಪ್ಯಾರಾ ಅಂಟಿಸಿದ್ದರೆ, ಯಾರೂ ಮನಸ್ಸಿಟ್ಟು ತುಂಬಿಸಿಲ್ಲವೆಂದೇ ಅರ್ಥ. ಹನ್ನೆರಡು ತಿಂಗಳೂ ಹಾಸಿಗೆ ಬಟ್ಟೆ ಬದಲಿಸುವುದೇ ಕೆಲಸ ಎಂದು ಕಂಡರೆ ಆ ಯೋಜನೆಗೆ ಒಪ್ಪಿಗೆಯೇ ಸಿಗಬಾರದು. ಈಗ ಯಾವುದೋ ಒಂದಕ್ಕೆ ಸಹಿ ಹಾಕಿ, ಅಲ್ಲಿ ಹೋದ ಮೇಲೆ ಬದಲಿಸಿಕೊಳ್ಳಬಹುದು ಎನ್ನುವ ಏಜೆಂಟರ ಮಾತಿಗೆ ಬೆಲೆ ಕೊಡಬೇಡಿ. ವಿಭಾಗ ಬದಲಾದರೆ ಯೋಜನೆಯನ್ನೂ ತಿದ್ದಿ ಸ್ಪಾನ್ಸರರ ಒಪ್ಪಿಗೆ ಪಡೆಯಬೇಕು.

ಮಗಳು ಪದವಿ ಮುಗಿಸಿದ ದಿನದಿಂದ ಹನ್ನೆರಡು ತಿಂಗಳೊಳಗೆ ಇಂಟರ್ನ್‌ಶಿಪ್ ಶುರುವಾಗಬೇಕು. ಅದು ದಾಟಿದರೆ ಜೆ-1ರ ಟ್ರೈನಿ ವರ್ಗ, ಅದಕ್ಕೆ ಪದವಿಯ ನಂತರ ಒಂದು ವರ್ಷದ ಅನುಭವ ಬೇಕು.

ಹನ್ನೆರಡು ತಿಂಗಳು ಎಂಬಲ್ಲೇ ಇನ್ನೊಂದು ಹೊಂಡ ಇದೆ. ಸ್ಕೀ ಸೀಸನ್ ನವೆಂಬರಿನಿಂದ ಏಪ್ರಿಲ್ ತನಕ. ಆಮೇಲೆ ಹಿಮ ಕರಗಿ ಊರೆಲ್ಲ ಕೆಸರು, ರೆಸ್ಟೋರೆಂಟುಗಳು ಬಾಗಿಲು ಹಾಕಿ ರಿಪೇರಿ ಮಾಡಿಸಿಕೊಳ್ಳುವ ಕಾಲ. ಮೇ ತಿಂಗಳಿನಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಕೆಲಸ ಬಹಳ ಕಡಿಮೆ. ಜೆ-1 ಇಂಟರ್ನ್‌ಗಳು ಬೇರೆ ಕಡೆ ಪಾರ್ಟ್‌ಟೈಮ್ ಹಿಡಿಯುವಂತಿಲ್ಲ. ವಿಡಿಯೊ ಸಂದರ್ಶನದಲ್ಲಿ ಮಗಳು ಕೇಳಬೇಕಾದ್ದು ಸಂಸ್ಕೃತಿ ಹೇಗಿದೆ ಎಂದಲ್ಲ. ಅದಕ್ಕೆ ಎಲ್ಲರದೂ ಬಾಯಿಪಾಠದ ಉತ್ತರ. ಕೇಳಬೇಕಾದ್ದು: ಕಳೆದ ಸೀಸನಿನಲ್ಲಿ ಡಿಸೆಂಬರ್ ಎರಡನೇ ವಾರ ಈ ವಿಭಾಗದ ಇಂಟರ್ನ್‌ಗಳಿಗೆ ಎಷ್ಟು ಗಂಟೆ ಸಿಕ್ಕಿತು? ಮೇ ತಿಂಗಳಲ್ಲಿ ಎಷ್ಟು? ಗಂಟೆ ಕಡಿಮೆಯಾದಾಗ ಯಾವ ವಿಭಾಗಕ್ಕೆ ಕಳಿಸುತ್ತೀರಿ? ಇದೇ ವಿಭಾಗದಲ್ಲಿ ಕಳೆದ ವರ್ಷ ಇದ್ದ ಇಂಟರ್ನ್ ಒಬ್ಬರ ಜತೆ ಮಾತಾಡಬಹುದೇ? ಕೊನೆಯ ಪ್ರಶ್ನೆಗೆ ಸಂತೋಷದಿಂದ ಹೂಂ ಎಂದರೆ ಅರ್ಧ ಚಿಂತೆ ಬಿಡಿ. ಖಾಸಗಿತನದ ನೆಪ ಹೇಳಿ ಜಾರಿಕೊಂಡರೆ, ಅದೇ ನಿಮಗೆ ಸಿಕ್ಕ ಉತ್ತರ.

ಕೆಲಸದ ಜಾಗದ ನಡವಳಿಕೆಗೆ ಬರೋಣ. ಮ್ಯಾನೇಜರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಸರ್, ಮೇಡಂ ಎಂದರೆ ಅವರಿಗೇ ಮುಜುಗರ. ನಮ್ಮ ಮಕ್ಕಳಿಗೆ ಕಷ್ಟವಾಗುವುದು ಅದಲ್ಲ, ಗೊತ್ತಾಗಲಿಲ್ಲ ಎಂದು ಹೇಳುವುದು. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಆಮೇಲೆ ತಪ್ಪು ಮಾಡಿದರೆ ಸುಳ್ಳು ಹೇಳಿದಳು ಎಂದೇ ತಿಳಿಯುತ್ತಾರೆ. ಇನ್ನೊಮ್ಮೆ ಹೇಳಿ ಎಂದು ಕೇಳಿದವಳಿಗೆ ಮರ್ಯಾದೆ ಹೆಚ್ಚು. ನಾಳೆ ಒಂದು ಪಾಳಿ ಹೆಚ್ಚಿಗೆ ಮಾಡುತ್ತೀಯಾ ಎಂದು ಕೇಳಿದರೆ ಅದು ನಿಜವಾಗಿಯೂ ಪ್ರಶ್ನೆ, ಆಗುವುದಿಲ್ಲ ಎನ್ನಬಹುದು. ಮಾಡುತ್ತೇನೆ ಎಂದು ಹೇಳಿ ಬಾರದಿದ್ದರೆ ಮಾತ್ರ ಕ್ಷಮೆ ಇಲ್ಲ.

ಮೇಲು ಕೀಳು ಇಲ್ಲವೇ ಎಂದರೆ, ಇದೆ, ಜಾತಿ ಕೇಳುವುದಿಲ್ಲ ಅಷ್ಟೆ. ಪೆಟ್ರೋಲಿನವರು, ಸ್ಕೀ ಕಲಿಸುವವರು ಮೇಲಿನ ಸಾಲು. ಅಡುಗೆಮನೆ, ಹೌಸ್‌ಕೀಪಿಂಗ್ ಯಾರ ಕಣ್ಣಿಗೂ ಬೀಳದ ಸಾಲು. ಸ್ಕೀ ಬಾರದವರು ವಿರಾಮದ ಹರಟೆಯಲ್ಲಿ ಹೊರಗೇ ಉಳಿಯುತ್ತಾರೆ. ಮೊದಲ ತಿಂಗಳಲ್ಲೇ ನೌಕರರಿಗಿರುವ ಉಚಿತ ಅಥವಾ ಅಗ್ಗದ ಪಾಠಕ್ಕೆ ಸೇರಿಕೊಳ್ಳುವುದು ಒಳ್ಳೆಯದು. ಜನ ಪರಿಚಯವಾಗುವುದು ಅಲ್ಲಿಯೇ. ಬಿಯರ್ ಅಂಗಡಿಯಲ್ಲಿಯೂ ಆಗುತ್ತದೆ, ಆದರೆ 21 ತುಂಬದವರಿಗೆ ಮದ್ಯ ನಿಷಿದ್ಧ. ಗಾಂಜಾ ವಿಷಯದಲ್ಲಿ ಮಾತ್ರ ಮಗಳಿಗೆ ನೇರವಾಗಿಯೇ ಹೇಳಿಬಿಡಿ. ಕೊಲೊರಾಡೊ ರಾಜ್ಯದಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಜತೆಯವರು ಸಹಜವಾಗಿ ಸೇದುತ್ತಾರೆ. ವೀಸಾ ಮಾತ್ರ ಕೇಂದ್ರ ಸರ್ಕಾರದ ಕಾನೂನಿಗೆ ಒಳಪಟ್ಟದ್ದು, ಆ ಕಾನೂನಿನಲ್ಲಿ ಅದು ಇನ್ನೂ ಅಪರಾಧ. ಒಮ್ಮೆ ಸೇದಿದೆ ಎಂದು ಗಡಿ ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಮುಂದಿನ ವೀಸಾಕ್ಕೆ ಕುತ್ತು.

ನಿಜವಾದ ಜಗಳಗಳು ಹುಟ್ಟುವುದು ಕೆಲಸದಲ್ಲಲ್ಲ, ರೂಮಿನಲ್ಲಿ. ನಾಲ್ವರಿಗೆ ಒಂದು ಅಡುಗೆಮನೆ, ಒಂದು ಬಚ್ಚಲು. ಹುಡುಗಿಯರಿಗೇ ಬೇರೆ ಮನೆಯೇ, ಮಲಗುವ ಕೋಣೆಗೆ ಬೀಗ ಇದೆಯೇ, ರಾತ್ರಿ ಪಾಳಿ ಮುಗಿದ ಮೇಲೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಕೊಲೊರಾಡೊದ ಎಷ್ಟೋ ಸ್ಕೀ ಊರುಗಳಲ್ಲಿ ಬಸ್ಸು ಉಚಿತ, ರಾತ್ರಿ ಸಮಯದ್ದೇ ಪ್ರಶ್ನೆ. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎಷ್ಟು ದಿನದಲ್ಲಿ ರೂಮು ಖಾಲಿ ಮಾಡಬೇಕು ಎಂಬ ಸಾಲನ್ನು ಒಪ್ಪಂದದಲ್ಲಿ ಹುಡುಕಿ. ಕೆಲವು ಕಡೆ ಅದು ಎರಡು ಮೂರು ದಿನ ಮಾತ್ರ. ಕೆಟ್ಟ ಸೂಪರ್‌ವೈಸರನ್ನು ಜನ ಸಹಿಸಿಕೊಳ್ಳುವುದಕ್ಕೆ ಈ ಒಂದು ಸಾಲೇ ಕಾರಣವಾಗಿರುತ್ತದೆ.

ಅಡುಗೆ ವಿಷಯ ಹೇಳದೆ ಬಿಟ್ಟರೆ ಮನೆಯಲ್ಲಿ ನಿಮ್ಮವರು ಬಿಡುವುದಿಲ್ಲ. ಆ ಊರುಗಳಲ್ಲಿ ಬಹಳಷ್ಟು ಸಮುದ್ರ ಮಟ್ಟದಿಂದ 2,400 ಮೀಟರಿನ ಮೇಲೆ. ಬ್ರೆಕನ್‌ರಿಜ್ ಪಟ್ಟಣ 2,900 ಮೀಟರಿನ ಹತ್ತಿರ. ಅಲ್ಲಿ ನೀರು 90–91 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ನಮ್ಮ ಕುಚ್ಚಲಕ್ಕಿ ಒಂದೂವರೆ ಗಂಟೆ ಕುದಿಸಿದರೂ ನಡುವೆ ಗಟ್ಟಿ. ಮೂರು ಲೀಟರಿನ ಪ್ರೆಶರ್ ಕುಕ್ಕರ್ ಒಯ್ಯಲಿ, ಒಂದು ಹೆಚ್ಚಿನ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಸಮೇತ. ತೆಂಗಿನೆಣ್ಣೆಯನ್ನು ಬಾಟಲಿಯಲ್ಲಿ ಕೊಡಬೇಡಿ, ಕಲ್ಲಾಗಿಬಿಡುತ್ತದೆ. ಅಗಲ ಬಾಯಿಯ ಡಬ್ಬದಲ್ಲಿ ಹಾಕಿದರೆ ಚಮಚದಲ್ಲಿ ಕೆರೆದುಕೊಳ್ಳಬಹುದು. ಒಗ್ಗರಣೆ ಮಾತ್ರ ಎಚ್ಚರ! ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಒಣಮೆಣಸು ಕಪ್ಪಾಗುವಷ್ಟರಲ್ಲಿ ಹೊಗೆ ಗುರುತಿಸುವ ಯಂತ್ರ ಕೂಗುತ್ತದೆ. ಇಡೀ ಕಟ್ಟಡದವರು ರಾತ್ರಿ ಹತ್ತಕ್ಕೆ ಹಿಮದಲ್ಲಿ ಬಂದು ನಿಲ್ಲಬೇಕು, ಅಗ್ನಿಶಾಮಕದವರು ನೋಡಿ ಸರಿ ಎನ್ನುವವರೆಗೆ. ಎರಡನೇ ಸಲಕ್ಕೆ ದಂಡ ಹಾಕುವ ಮನೆಗಳೂ ಇವೆ, ದಂಡಕ್ಕಿಂತ ಜತೆಯವರ ಮುಖ ಕಷ್ಟ. ಎಣ್ಣೆಯನ್ನು ಹೊಗೆಯಾಡಲು ಬಿಡದೆ, ಎಕ್ಸಾಸ್ಟ್ ಫ್ಯಾನ್ ಹಾಕಿ, ಒಲೆ ಆರಿಸಿ ಸಾಸಿವೆ ಹಾಕುವುದನ್ನು ಇಲ್ಲೇ ಅಭ್ಯಾಸ ಮಾಡಿಕೊಳ್ಳಲಿ.

ಅಷ್ಟು ಎತ್ತರದಲ್ಲಿ ಮೊದಲ ಎರಡು ಮೂರು ದಿನ ತಲೆನೋವು, ನಿದ್ದೆ ಬಾರದಿರುವುದು ಸಹಜ. ನೀರು ಹೆಚ್ಚು ಕುಡಿಯಬೇಕು, ತಲುಪಿದ ಮರುದಿನವೇ ಪಾಳಿ ಒಪ್ಪಿಕೊಳ್ಳಬಾರದು. ಬಟ್ಟೆ ಇಲ್ಲಿ ಕೊಳ್ಳಬೇಡಿ. ಹೊರಗಿನ ಕೆಲಸವಾದರೆ ಮೇಲಿನ ಜಾಕೆಟ್ ಮತ್ತು ಪ್ಯಾಂಟನ್ನು ಕಂಪೆನಿಯೇ ಕೊಡುತ್ತದೆ, ವಾಪಸ್ ಕೊಡದಿದ್ದರೆ ಸಂಬಳದಲ್ಲಿ ಹಿಡಿಯುತ್ತದೆ. ಒಳಗಿನ ಉಣ್ಣೆ ಬಟ್ಟೆ, ಜಾರದ ಬೂಟು ಅಲ್ಲಿನ ಹಳೆಬಟ್ಟೆ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯುತ್ತದೆ.

ವಿಮೆ ನೋಡಿ. ಜೆ-1 ನಿಯಮದ ಪ್ರಕಾರ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು, ಕೈಯಿಂದ ಕಟ್ಟುವ ಪಾಲು 500 ಡಾಲರ್ ಮೀರಬಾರದು. ಕೆಲಸದಲ್ಲಿ ಬಿದ್ದರೆ ಕಂಪೆನಿಯ ಕಾರ್ಮಿಕ ವಿಮೆ ನೋಡಿಕೊಳ್ಳುತ್ತದೆ. ರಜೆಯ ದಿನ ಫ್ರೀ ಪಾಸಿನಲ್ಲಿ ಸ್ಕೀ ಮಾಡಿ ಕಾಲು ಮುರಿದರೆ ಅದು ಬರುವುದಿಲ್ಲ, ಅಗ್ಗದ ವಿಮೆಗಳಲ್ಲಿ ಹಿಮದ ಆಟಗಳನ್ನೇ ಹೊರಗಿಟ್ಟಿರುತ್ತಾರೆ. ಸ್ಕೀ ರೆಸಾರ್ಟಿಗೆ ಹೋಗುವವಳ ವಿಮೆಯಲ್ಲಿ ಸ್ಕೀ ಇಲ್ಲದಿದ್ದರೆ ಏನು ಪ್ರಯೋಜನ?

ಸಂಬಳದ ಚೀಟಿ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಬರುತ್ತದೆ. ಮೊದಲ ಚೀಟಿಯನ್ನು ಮಗಳು ನಿಮಗೆ ಫೋಟೊ ಕಳಿಸಲಿ. 64 ಗಂಟೆಗೆ 1,152 ಡಾಲರ್ ಮೇಲಿರುತ್ತದೆ. ಕೆಳಗೆ ಕೇಂದ್ರ ಆದಾಯ ತೆರಿಗೆ, ರಾಜ್ಯದ ತೆರಿಗೆ, ಬಾಡಿಗೆ ಇರಬೇಕು. ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ ವಂತಿಗೆ) ಶೇಕಡಾ 6.2, ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆಯ ವಂತಿಗೆ) ಶೇಕಡಾ 1.45 ಎಂಬ ಎರಡು ಸಾಲು ಮಾತ್ರ ಇರಬಾರದು, ಮೊದಲ ಸಲ ಅಮೆರಿಕಕ್ಕೆ ಹೋದ ಜೆ-1 ಇಂಟರ್ನ್‌ಗೆ ಅದರಿಂದ ವಿನಾಯಿತಿ ಇದೆ. ಸಾವಿರಾರು ಸೀಸನ್ ನೌಕರರನ್ನು ಒಟ್ಟಿಗೆ ಸೇರಿಸುವಾಗ ಸಂಬಳ ವಿಭಾಗದವರು ಎಲ್ಲರಿಗೂ ಒಂದೇ ಗುರುತು ಹಾಕಿಬಿಡುವುದುಂಟು, ಆಗ ಈ ಎರಡೂ ಕಡಿತವಾಗುತ್ತವೆ. ಚೀಟಿಗೆ 88 ಡಾಲರ್ ಹೋಗುತ್ತದೆ, ವರ್ಷಕ್ಕೆ ಸುಮಾರು ಎರಡು ಲಕ್ಷ ರೂಪಾಯಿ. ಕೂಡಲೇ ವೀಸಾ ಪ್ರತಿ ಸಮೇತ ಇಮೇಲ್ ಮಾಡಿದರೆ ಸರಿಮಾಡುತ್ತಾರೆ. ವರ್ಷ ದಾಟಿದ ಮೇಲೆ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಸೋಶಿಯಲ್ ಸೆಕ್ಯುರಿಟಿ ನಂಬರ್ ಬರುವುದು, ಬ್ಯಾಂಕ್ ಖಾತೆ ತೆರೆಯುವುದು ಎಲ್ಲ ಸೇರಿ ಮೊದಲ ಸಂಬಳಕ್ಕೆ ಮೂರ್ನಾಲ್ಕು ವಾರ ಹಿಡಿಯಬಹುದು, ಸಾವಿರದಿಂದ ಒಂದೂವರೆ ಸಾವಿರ ಡಾಲರ್ ಕೈಯಲ್ಲಿಟ್ಟು ಕಳಿಸಿ.

ಕೂಲಿಯ ಪ್ರಶ್ನೆಯಲ್ಲಿ ಅಲ್ಲಿನವರೂ ಸುಮ್ಮನಿಲ್ಲ. ವೇಲ್ ಕಂಪೆನಿ 2022ರಲ್ಲಿ ಉತ್ತರ ಅಮೆರಿಕದ ತನ್ನ ಬೆಟ್ಟಗಳಲ್ಲಿ ಕನಿಷ್ಠ 20 ಡಾಲರ್ ಕೂಲಿ ಘೋಷಿಸಿತು. ಆದರೂ 2024ರ ಡಿಸೆಂಬರ್ 27ರಂದು ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ ಸುಮಾರು 200 ಪೆಟ್ರೋಲಿನವರು ಮುಷ್ಕರಕ್ಕೆ ಇಳಿದರು, ವರ್ಷದ ಅತಿ ಜನದಟ್ಟಣೆಯ ವಾರದಲ್ಲೇ. ಆರಂಭದ ಕೂಲಿ 21ರಿಂದ 23 ಡಾಲರ್ ಆಗಬೇಕೆಂಬುದು ಬೇಡಿಕೆ. ಲಿಫ್ಟುಗಳು ಪೂರ್ತಿ ತೆರೆಯಲಾಗದೆ ಪ್ರವಾಸಿಗರು ಸಾಲಿನಲ್ಲಿ ಕಾದರು. ಜನವರಿ 8ಕ್ಕೆ ಒಪ್ಪಂದವಾಯಿತು, ಆರಂಭದ ಕೂಲಿ ಎರಡು ಡಾಲರ್ ಏರಿತು. ಸ್ಕೀ ಊರುಗಳ ಬಾಡಿಗೆಯ ಮುಂದೆ 21 ಡಾಲರೂ ಸಾಲದು ಎಂದು ಅಲ್ಲೇ ವರ್ಷಗಟ್ಟಲೆ ದುಡಿದವರೇ ಹೇಳಿದ ಮೇಲೆ, 18 ಡಾಲರಿನ ಆಫರಿನಲ್ಲಿ ಬಾಡಿಗೆ ಎಷ್ಟು ಎಂಬುದೇ ಮೊದಲ ಪ್ರಶ್ನೆ. 2025ರಲ್ಲಿ ಕೊಲೊರಾಡೊದ ಕಾನೂನಿನ ಕನಿಷ್ಠ ಕೂಲಿ 14.81 ಡಾಲರ್ ಇತ್ತು, ಆದ್ದರಿಂದ 18 ಕಾನೂನುಬಾಹಿರವೇನಲ್ಲ.

ತೊಂದರೆಯಾದರೆ ದಾರಿ ಹೀಗೆ. ಮೊದಲು ಸೂಪರ್‌ವೈಸರಿಗೆ ಬರಹದಲ್ಲಿ, ಆಮೇಲೆ ಎಚ್‌ಆರ್‌ಗೆ, ವಾರದಲ್ಲಿ ಸರಿಯಾಗದಿದ್ದರೆ ಸ್ಪಾನ್ಸರಿಗೆ. ಗಂಟೆ 32ಕ್ಕಿಂತ ಕೆಳಗೆ ಇಳಿದರೆ ರೋಸ್ಟರಿನ ಫೋಟೊ ತೆಗೆದಿಟ್ಟುಕೊಂಡು ಎರಡನೇ ವಾರಕ್ಕೇ ಸ್ಪಾನ್ಸರಿಗೆ ಬರೆಯಬೇಕು, ಏಜೆಂಟರಿಗೆ ಅಲ್ಲ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬಾರದು. ಗಲ್ಫಿನಲ್ಲಿ ಕಂಪೆನಿ ಇಟ್ಟುಕೊಳ್ಳುವುದನ್ನು ನೋಡಿ ನಮಗೆ ರೂಢಿಯಾಗಿದೆ, ಅಲ್ಲಿ ದುಡಿಯುವವರನ್ನು ಹಿಡಿತದಲ್ಲಿಡಲು ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಪರಾಧ. ವೀಸಾ ಸಂದರ್ಶನದ ಹೊತ್ತಿಗೆ ಕಾನ್ಸುಲೇಟಿನಲ್ಲಿ ಕೊಡುವ ಹಕ್ಕುಗಳ ಪುಸ್ತಿಕೆಯಲ್ಲಿ ಸಹಾಯವಾಣಿ ನಂಬರುಗಳಿವೆ, ಅದನ್ನು ಓದಿ ಇಟ್ಟುಕೊಳ್ಳಲಿ. ಸಿಟ್ಟಿನಲ್ಲಿ ಕೆಲಸ ಬಿಟ್ಟು ಹೊರನಡೆಯುವುದು ಮಾತ್ರ ಬೇಡ. ಕಾರ್ಯಕ್ರಮ ಸರಿಯಾಗಿ ಮುಗಿಸಿದವರಿಗೆ ಸಿಗುವ 30 ದಿನದ ಹೆಚ್ಚಿನ ವಾಸ ಅವರಿಗಿಲ್ಲ.

ಕೊನೆಗೆ ನಿಮ್ಮ ಮೂರೂವರೆ ಲಕ್ಷ. ಇದರಲ್ಲಿ ಅಮೆರಿಕ ಸರ್ಕಾರಕ್ಕೆ ಹೋಗುವ ಸೆವಿಸ್ (ಜೆ-1ನವರ ನೋಂದಣಿ) ಶುಲ್ಕ 220 ಡಾಲರ್, ವೀಸಾ ಅರ್ಜಿಗೆ 185. ಉಳಿದದ್ದು ಸ್ಪಾನ್ಸರ್ ಎಷ್ಟು, ವಿಮೆ ಎಷ್ಟು, ಟಿಕೆಟ್ ಎಷ್ಟು, ಏಜೆಂಟರ ಕಮಿಷನ್ ಎಷ್ಟು ಎಂದು ಸಾಲು ಸಾಲಾಗಿ ಬರೆಸಿಕೊಳ್ಳಿ, ರಶೀದಿ ಸಮೇತ. ಗಲ್ಫಿನ ಹಾಗೆ ಸರ್ಟಿಫಿಕೇಟ್ ಅಟೆಸ್ಟೇಶನ್, ಮೆಡಿಕಲ್ ಎಂದು ಬಿಲ್ಲು ಸೇರಿಸಿದ್ದರೆ ಯಾವುದಕ್ಕೆ ಎಂದು ಕೇಳಿ. ಈ ವೀಸಾಕ್ಕೆ ಅದರ ಅಗತ್ಯವಿಲ್ಲ. ಸ್ಪಾನ್ಸರರ ಹೆಸರು ಅಮೆರಿಕದ ವಿದೇಶಾಂಗ ಇಲಾಖೆಯ ಜೆ-1 ಪಟ್ಟಿಯಲ್ಲಿ ಇಂಟರ್ನ್ ವರ್ಗದ ಅಡಿಯಲ್ಲೇ ಇದೆಯೇ ಎಂದು ಅಕ್ಷಯ ಕೇಂದ್ರದಲ್ಲಿ ಕೂತು ನೋಡಿದರೂ ಹತ್ತು ನಿಮಿಷದ ಕೆಲಸ. ವೀಸಾಕ್ಕೆ ಬೇಕಾದ ಡಿಎಸ್-2019 ಎಂಬ ಪತ್ರವನ್ನು ಕೊಡುವ ಅಧಿಕಾರ ಸ್ಪಾನ್ಸರಿಗೆ ಮಾತ್ರ, ಏಜೆಂಟರಿಗಿಲ್ಲ. ಮೊದಲ ಕಂತು ಸಂದರ್ಶನವಾಗಿ ಆಫರ್ ಪತ್ರ ಬಂದ ಮೇಲೆ, ಎರಡನೆಯದು ಸಹಿಯಾದ ಡಿಎಸ್-7002 ಓದಿ ಒಪ್ಪಿದ ಮೇಲೆ, ದೊಡ್ಡ ಪಾಲು ಚೆನ್ನೈಯಲ್ಲಿ ವೀಸಾ ಆದ ಮೇಲೆ. ವೀಸಾ ನಿರಾಕರಿಸಿದರೆ ಎಷ್ಟು ವಾಪಸ್ ಎಂಬುದು ಅದೇ ಕಾಗದದಲ್ಲಿ ಇರಬೇಕು. ಈ ಕ್ರಮಕ್ಕೆ ಏಜೆಂಟರು ಒಪ್ಪಿ, ಡಿಸೆಂಬರ್ ಮತ್ತು ಮೇ ತಿಂಗಳ ಗಂಟೆ ಎಷ್ಟೆಂದು ರೆಸಾರ್ಟಿನವರು ಬರೆದುಕೊಟ್ಟರೆ ಕಳಿಸಿ. ಒಪ್ಪದಿದ್ದರೆ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಒಳ್ಳೆಯ ಹೋಟೆಲಿನಲ್ಲಿ ಒಂದು ವರ್ಷ ಕೆಲಸ ಮಾಡಲಿ. ಮುಂದಿನ ವರ್ಷ ಟ್ರೈನಿ ವರ್ಗದಲ್ಲಿ ಬೇರೆ ರೆಸಾರ್ಟಿಗೆ ಅರ್ಜಿ ಹಾಕಲು ಆ ಅನುಭವವೇ ಸಾಕಾಗುತ್ತದೆ.